ಮಹಾನಂದಾ ಅವರ ಮೂರು ವಾರ, ನನ್ನ ಒಂದು ಬಿಸ್ಕತ್ತು

ಮಹಾನಂದಾ ಅವರನ್ನು ನಾನು ಮೊದಲು ನೋಡಿದ್ದು ರಾಜಗೋಪಾಲನಗರದ ಪ್ರಸನ್ನನ ದಿನಸಿ ಅಂಗಡಿಯಲ್ಲಿ. ಅವರು ಅಕ್ಕಿಮೂಟೆಯ ಮೇಲೆ ಕೂತು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಅವರ ಕಾಲ ಬಳಿ ಆರು ವರ್ಷದ ಹುಡುಗಿಯೊಬ್ಬಳು ನೆಲದ ಮೇಲೆ ಅಂಗಾತ ಬಿದ್ದು ಕಿರುಚುತ್ತಿದ್ದಳು. ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ನನ್ನ ಕಿವಿ ಅರ್ಧ ಸತ್ತಿದೆ. ಉಳಿದರ್ಧ ಆ ಸಂಜೆ ಎಚ್ಚರವಾಯಿತು.

ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರು, ಮಹಾನಂದಾ ಒಬ್ಬರನ್ನು ಬಿಟ್ಟು. ಅವರ ಒಂದು ಅಂಗೈ ಮಾತ್ರ ನೆಲಕ್ಕೂ ಹುಡುಗಿಯ ತಲೆಗೂ ಮಧ್ಯೆ ಮೆತ್ತೆಯಂತೆ ಇತ್ತು. ಅದು ನನಗೆ ಆಗ ಕಾಣಲಿಲ್ಲ, ಪ್ರಸನ್ನ ಆಮೇಲೆ ಹೇಳಿದ್ದು. ಪರೋಪಕಾರ ಮಾಡಲು ಹೊರಟವನಿಗೆ ಇಂಥ ಸಣ್ಣ ವಿವರಗಳು ಕಾಣುವುದಿಲ್ಲ.

"ಏನಮ್ಮಾ, ತಾಯಿಯಾಗಿ ಹಿಂಗೆ ಕೂತಿದೀರಲ್ಲ, ಮಗು ಸಾಯೋ ಹಂಗೆ ಅಳ್ತಿದೆ" ಎಂದೆ.

"ತಾಯಿ ಅಲ್ರೀ" ಎಂದರು ಅವರು, ಫ್ಯಾನಿನಿಂದ ಕಣ್ಣು ತೆಗೆಯದೆ.

"ಹಾಗಿದ್ರೆ ಇನ್ನೂ ತಪ್ಪು."

ನಾನು ಗಾಜಿನ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಹುಡುಗಿಯ ಕೈಗಿಟ್ಟೆ. ಕಿರುಚಾಟ ನಿಂತಿತು. ಅಂಗಡಿಯ ಜನ ನನ್ನತ್ತ ನೋಡಿದ ಪರಿಗೆ ನಾನು ಎರಡಿಂಚು ಎತ್ತರವಾದೆ. ಒಬ್ಬ ಅಜ್ಜಿ, "ಗಂಡಸ್ರಿಗೆ ಇರೋ ಕರುಣೆ ನೋಡು" ಎಂದರು. ನನ್ನ ಹೆಂಡತಿ ಅಲ್ಲಿರಬಾರದಿತ್ತೇ ಅನ್ನಿಸಿತು.

ಮಹಾನಂದಾ ಆಗ ಫ್ಯಾನ್ ಬಿಟ್ಟು ನನ್ನನ್ನು ನೋಡಿದರು. "ಸರ್, ಕಾರ್ಡು ಕೈಯಾಗ ಹಿಡಿದಿದ್ಲು. ಇನ್ನೊಂದು ನಿಮಿಷಕ್ಕ ಅಂಗಡಿಯವರಿಗೆ ಕೊಡ್ತಿದ್ಲು. ಮೂರು ವಾರದ್ದು ಹೋತು."

ಹುಡುಗಿಯ ಕತ್ತಿನಲ್ಲಿ ದಾರಕ್ಕೆ ಪೋಣಿಸಿದ ಎರಡು ಕಾರ್ಡುಗಳಿದ್ದವು. ಒಂದರಲ್ಲಿ ಚಾಚಿದ ಕೈಯ ಚಿತ್ರ, ಕೆಳಗೆ 'ಕೊಡಿ'. ಇನ್ನೊಂದರಲ್ಲಿ ಅಡ್ಡ ಹಿಡಿದ ಅಂಗೈ, ಕೆಳಗೆ 'ಸಾಕು'. ಕೃಪಾ ಎಂಬ ಆ ಹುಡುಗಿಗೆ ಮಾತು ಬರುವುದಿಲ್ಲ. ಕಿರುಚುವ ಬದಲು 'ಕೊಡಿ' ಕಾರ್ಡು ಕೊಟ್ಟರೆ ಬೇಕಾದ್ದು ಸಿಗುತ್ತದೆ ಎಂದು ಅವಳಿಗೆ ಕಲಿಸಲು ಮಹಾನಂದಾ ಮೂರು ವಾರದಿಂದ ಸಂಜೆ ಸಂಜೆ ಆ ಅಂಗಡಿಗೆ ಕರೆತರುತ್ತಿದ್ದರು. ಕಿರುಚಿದರೆ ಇನ್ನೂ ಬೇಗ ಸಿಗುತ್ತದೆ ಎಂದು ನಾನು ಒಂದೇ ನಿಮಿಷದಲ್ಲಿ ಕಲಿಸಿದ್ದೆ. ಶಿಕ್ಷಕನಾಗಿ ಇಷ್ಟು ವೇಗದ ಫಲಿತಾಂಶ ಯಾರಿಗೆ ಬಂದಿದ್ದೀತು?

ಮಾರನೇ ದಿನ ಕೃಪಾ ನನ್ನನ್ನು ಬೇಕರಿಯ ಎದುರು ನೋಡಿದಳು. ಕೂಡಲೇ ಮಲಗಿಕೊಂಡಳು. ಅದರ ಮಾರನೇ ದಿನ ಬಸ್ ಸ್ಟಾಪಿನಲ್ಲಿ. ನಾಲ್ಕನೇ ದಿನ ನಾನು ರಸ್ತೆಯ ಆ ತುದಿಯಲ್ಲಿ ಕಂಡರೆ ಸಾಕು, ಈ ತುದಿಯಲ್ಲಿ ಅಂಗಾತ. ನೋಡಿದವರಿಗೆ ನಾನು ಆ ಮಗುವಿಗೆ ಏನೋ ಮಾಡಿದ್ದೇನೆ ಎಂದೇ ಅನ್ನಿಸಬೇಕು. ಐದನೇ ದಿನದಿಂದ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ, ಆಸಿಡ್ ವಾಸನೆ ಕುಡಿದುಕೊಂಡು ಮನೆಗೆ ಹೋಗತೊಡಗಿದೆ. ಒಂದು ಬೇರಿಂಗ್ ಕಂಪನಿಯ ಪರ್ಚೇಸ್ ಮ್ಯಾನೇಜರ್, ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಹಾಸ್ಯ ಬರೆಯುವವನು, ಆರು ವರ್ಷದ ಹುಡುಗಿಗೆ ಹೆದರಿ ಗಲ್ಲಿ ಹಿಡಿದಿದ್ದ.

ಕೊನೆಗೆ ಒಂದು ಶನಿವಾರ ಮಹಾನಂದಾ ಅವರ ಕೋಣೆ ಹುಡುಕಿಕೊಂಡು ಹೋದೆ. ಕ್ಷಮೆ ಕೇಳುವುದು ನೆಪ, ನಿಜಕ್ಕೂ ಹೋದದ್ದು ತಪಾಸಣೆಗೆ. ಏಕೆಂದರೆ ಅವರ ಕೆಲಸದ ಹೆಸರು 'ಬಿಹೇವಿಯರ್ ಥೆರಪಿ', ಆ ಮಾತು ಕೇಳಿದರೆ ನನಗೆ ಈಗಲೂ ಅಂಗೈ ಉರಿಯುತ್ತದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಬಿಹೇವಿಯರ್ ಎಂಬುದು ರಿಪೋರ್ಟ್ ಕಾರ್ಡಿನ ಕೊನೆಯ ಸಾಲು, ಅದರ ಥೆರಪಿ ಎಂದರೆ ಸಿಸ್ಟರ್ ಅವರ ಹನ್ನೆರಡಿಂಚಿನ ಮರದ ಸ್ಕೇಲು. ಕನ್ನಡದಲ್ಲಿ ಸಮಾಧಾನ ಹುಡುಕಿದರೆ, ವರ್ತನೆ ಎಂದರೆ ನಮ್ಮ ಮನೆಯಲ್ಲಿ ದಿನಾ ಹಾಲು ಹಾಕುವವನದು.

ಕೋಣೆ ಒಂದು ವೆಲ್ಡಿಂಗ್ ಅಂಗಡಿಯ ಮೇಲಿತ್ತು. ಬೆತ್ತ ಹುಡುಕಿದೆ, ಇರಲಿಲ್ಲ. ಸ್ಕೇಲು ಇತ್ತು, ಪ್ಲಾಸ್ಟಿಕ್ಕಿನದು, ಅದರಿಂದ ಕೃಪಾ ಸೋಪಿನ ನೊರೆ ಕಲಕುತ್ತಿದ್ದಳು. ಮಹಾನಂದಾ ಮೇಜಿನ ಕೆಳಗೆ ಕೂತು ಗುಳ್ಳೆ ಊದುತ್ತಿದ್ದರು. ಕೃಪಾ ನನ್ನನ್ನು ನೋಡಿ ಮಲಗಲು ಜಾಗ ಹುಡುಕಿದಳು. ನೊರೆಯ ಆಕರ್ಷಣೆ ಹೆಚ್ಚಿತ್ತು, ಮನಸ್ಸು ಬದಲಿಸಿದಳು.

"ಇದು ಆಟ ಅಲ್ವಾ?" ಎಂದೆ.

"ಹೌದ್ರೀ, ಆಟಾನ. ನಿಮ್ಮ ಆಫೀಸಿನ್ಯಾಗ ನೀವು ಏನ್ ಮಾಡ್ತೀರಿ?"

"ಮೀಟಿಂಗು."

"ಅದರಾಗ ಯಾರರ ಏನರ ಕಲಿತಾರೇನ್ರಿ?"

ನಾನು ವಿಷಯ ಬದಲಿಸಿದೆ. "ತಿಂಡಿ ಕೊಟ್ಟು ಕಲಿಸೋದು ಅಂದ್ರೆ, ಬೇಜಾರಾಗ್ಬೇಡಿ, ನಾಯಿಗೆ ಕಲಿಸ್ತಾರಲ್ಲ ಹಂಗೇ ಅಲ್ವಾ?"

"ನಿಮ್ಮ ಕಂಪನ್ಯಾಗ ದೀಪಾವಳಿಗೆ ಬೋನಸ್ ಕೊಡ್ತಾರೇನ್ರಿ?"

"ಕೊಡ್ತಾರೆ."

"ಮತ್ತ?" ಎಂದು ಅವರು ಇನ್ನೊಂದು ಗುಳ್ಳೆ ಊದಿದರು.

ನನ್ನ ಪ್ರಶ್ನೆಗಳು ಮುಗಿದಿರಲಿಲ್ಲ. ಆಟಿಸಂ ಇರುವ ಇಂಥ ಮಕ್ಕಳಲ್ಲಿ ಏನೋ ಅದ್ಭುತ ಶಕ್ತಿ ಇರುತ್ತದಂತೆ, ನನ್ನ ಹುಟ್ಟಿದ ತಾರೀಕು ಹೇಳಿದರೆ ಯಾವ ವಾರ ಅಂತ ಹೇಳುತ್ತಾಳಾ ಎಂದು ಕೇಳಿದೆ. "ನಮಗಿಬ್ಬರಿಗೂ ಗೊತ್ತಿಲ್ರಿ. ನಿಮ್ಮವ್ವಗ ಕೇಳ್ರಿ" ಎಂದರು. ಎಷ್ಟು ದಿನಕ್ಕೆ ವಾಸಿಯಾಗುತ್ತದೆ ಎಂದೆ. "ಜ್ವರ ಅಲ್ರೀ ಇದು. ಆಕಿ ಇರೋದ ಹಿಂಗ." ತಾಯಿ ಮೊಬೈಲು ಕೊಟ್ಟು ಹೀಗಾಯಿತಂತೆ ಎಂದೆ. "ಆಕಿ ತಾಯಿಗೆ ಮೊಬೈಲ್ ಬಂದಿದ್ದ ಹೋದ ವರ್ಷ."

"ಹಾಗಾದ್ರೆ ಕೊನೆಗೆ ಅವಳನ್ನ ನಮ್ಮ ಹಾಗೆ ಮಾಡೋದು ತಾನೇ ನಿಮ್ಮ ಕೆಲಸ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮಂಗ ಯಾಕ್ರಿ? ಆಕಿಗೆ ಬೇಕಾದ್ದು ಹೇಳಾಕ ಬರಬೇಕು. ಬ್ಯಾಡಾದ್ದು ಹೇಳಾಕ ಅದಕ್ಕಿಂತ ಮೊದಲ ಬರಬೇಕು. ಅಷ್ಟ."

ಆಮೇಲೆ ತಾವಾಗಿಯೇ ಒಂದು ಮಾತು ಹೇಳಿದರು. ಅವರು ವಿಜಯಪುರದ ಕಡೆಯವರು. ಗಂಡ ಸಿದ್ರಾಮ ಪೌಡರ್ ಕೋಟಿಂಗ್ ಘಟಕದಲ್ಲಿ ಕೆಲಸಕ್ಕೆ ಬಂದಾಗ ಜೊತೆಗೆ ಬಂದು, ಮಕ್ಕಳ ಥೆರಪಿ ಸೆಂಟರೊಂದರಲ್ಲಿ ಆಯಾ ಆಗಿ ಸೇರಿದರು. ಕಸ ಗುಡಿಸುತ್ತಲೇ ನೋಡಿ ಕಲಿತರು. ಆಮೇಲೆ ಕೋರ್ಸು, ಪರೀಕ್ಷೆ. ಈಗ ತಿಂಗಳಿಗೆರಡು ಸಲ ದೊಡ್ಡ ಮೇಡಂ ಒಬ್ಬರು ಬಂದು ಅವರ ಕೆಲಸ ನೋಡಿ ತಿದ್ದುತ್ತಾರೆ. "ಆಗ ಗಲ್ಲ ಹಿಡಿದು ಮಾರಿ ತಿರುಗಸ್ತಿದ್ವಿ ಸರ್, 'ನನ್ನ ನೋಡು, ನನ್ನ ನೋಡು' ಅಂತ. ನಾನೂ ಮಾಡೀನಿ. ತಪ್ಪಿತ್ತು. ಈಗ ಮಾಡಂಗಿಲ್ಲ. ಆಕಿ ನನ್ನ ಬಿಟ್ಟು ಗ್ವಾಡಿ ನೋಡ್ಕೋತ ಕೇಳಿದ್ರೂ ಕೇಳಿದಂಗ." ಕಿವಿನೋವಿಗೋ ಹೆದರಿಕೆಗೋ ಅತ್ತರೆ ಅವರು ಫ್ಯಾನ್ ನೋಡುತ್ತ ಕೂರುವುದಿಲ್ಲವಂತೆ, ಆಗ ಎತ್ತಿಕೊಂಡು ಹೊರಗೆ ಓಡುತ್ತಾರಂತೆ. ಯಾವ ಅಳು ಯಾವುದಕ್ಕೆ ಎಂದು ತಿಳಿಯುವುದರಲ್ಲೇ ಅವರ ಅರ್ಧ ದಿನ ಹೋಗುತ್ತದೆ. ತೆರಪೇ ಇಲ್ಲದ ಈ ಕೆಲಸಕ್ಕೆ ಥೆರಪಿ ಎಂದು ಹೆಸರಿಟ್ಟವರು ಯಾರು ಎಂದು ಕೇಳಿದೆ. ಅವರು ನಗಲಿಲ್ಲ. ಎರಡನೇ ಸಲ ವಿವರಿಸಿ ಹೇಳಿದೆ. ಆಗಲೂ ನಗಲಿಲ್ಲ.

ಇಳಿಯುವಾಗ ಮೆಟ್ಟಿಲಲ್ಲಿ ಕೃಪಾಳ ತಾಯಿ ಹನುಮವ್ವ ಸಿಕ್ಕಿದಳು. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು, ಡ್ಯೂಟಿ ಮುಗಿಸಿ ಬರುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅವಳು, "ಓ, ಬಿಸ್ಕೀಟ್ ಸಾಹೇಬ್ರು" ಎಂದಳು. ಅದರಲ್ಲಿ ಬೈಗುಳ ಇರಲಿಲ್ಲ, ಅದಕ್ಕೇ ಹೆಚ್ಚು ನಾಟಿತು.

ವಿಷಯ ಇಷ್ಟು. ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದ ಅವಳ ನಾದಿನಿ ಜೂನ್ ಮೊದಲ ವಾರ ಊರಿಗೆ ಹೊರಡುವವಳಿದ್ದಳು. ಸರ್ಕಾರಿ ಶಾಲೆಯ ಹೆಡ್‌ಮಿಸ್ ಶಿವಲಿಂಗಮ್ಮನವರು, ದಾಖಲಾತಿ ಕೊಡಲು ತಕರಾರಿಲ್ಲ, ಆದರೆ ಐವತ್ತೆರಡು ಮಕ್ಕಳ ಮಧ್ಯೆ ಇವಳು ನೆಲದಲ್ಲಿ ಬಿದ್ದು ಕಿರುಚಿದರೆ ಹಿಡಿಯುವವರು ಯಾರು ಎಂದಿದ್ದರು. ಶಾಲೆ ಶುರುವಾದ ದಿನ ಕರೆದುಕೊಂಡು ಬನ್ನಿ, ಒಂದು ಗಂಟೆ ನೋಡೋಣ ಎಂದಿದ್ದರು. ಅಂದು ಆಗದಿದ್ದರೆ ಹನುಮವ್ವ ಕೆಲಸ ಬಿಟ್ಟು ಮಗಳೊಂದಿಗೆ ಸುರಪುರಕ್ಕೆ ಹೋಗಬೇಕು. ಅಲ್ಲಿ ಅನ್ನ ಇದೆ, ಮಹಾನಂದಾ ಇಲ್ಲ.

"ಹದಿನೆಂಟು ದಿನ ಐತ್ರಿ" ಎಂದಳು.

ನಾನು ಮತ್ತೆ ಮೆಟ್ಟಿಲು ಹತ್ತಿ, ನನ್ನಿಂದ ಏನಾಗಬೇಕು ಎಂದು ಕೇಳಿದೆ. ಮಹಾನಂದಾ ಹೇಳಿದ ಕೆಲಸ ಸುಲಭವಿತ್ತು. ದಿನಾ ಸಂಜೆ ಆರಕ್ಕೆ ಪ್ರಸನ್ನನ ಅಂಗಡಿಯ ಮುಂದೆ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಲ್ಲಬೇಕು. ಕೃಪಾ ಮಲಗಿ ಕಿರುಚಿದರೆ ಕಂಬದಂತೆ ಇರಬೇಕು. 'ಕೊಡಿ' ಕಾರ್ಡು ಕೊಟ್ಟರೆ ಆ ಕ್ಷಣವೇ ಬಿಸ್ಕತ್ತು ಕೊಡಬೇಕು. 'ಸಾಕು' ಕಾರ್ಡು ಕೊಟ್ಟರೆ ಏನು ಮಾಡುತ್ತಿದ್ದೇನೋ ಅದನ್ನು ನಿಲ್ಲಿಸಿ ಹಿಂದೆ ಸರಿಯಬೇಕು. ಎಲ್ಲಕ್ಕಿಂತ ಮುಖ್ಯ, ನಡುವೆ ಮಾತಾಡಬಾರದು.

ಮೊದಲ ಸಂಜೆ ನಾನು ಫೇಲಾದೆ. ಕೃಪಾ ಕಿರುಚಿದಾಗ, "ಅಳಬೇಡ ಪುಟ್ಟಿ, ಕೃಪೆ ತೋರು" ಎಂದೆ. "ಸರ್, ಬಾಯಿ" ಎಂದರು ಮಹಾನಂದಾ. ಎರಡನೇ ಸಂಜೆ ಕೈ ತಾನಾಗಿ ಪೊಟ್ಟಣ ಬಿಚ್ಚತೊಡಗಿತು. "ಸರ್, ಕೈ." ಮೂರನೇ ಸಂಜೆ ಹನ್ನೊಂದು ನಿಮಿಷ ನಿಂತೆ. ಅಂದು ನನ್ನ ಕರುಣೆಯನ್ನು ಹೊಗಳಿದ್ದ ಅದೇ ಅಜ್ಜಿ ಬಂದು, "ಕಟುಕ, ಕೈಯಲ್ಲಿ ಇಟ್ಕೊಂಡು ಮಗೂನ ಅಳಿಸ್ತಾನೆ" ಎಂದರು. ನಾನು ಬಾಯಿ ಬಿಡಲಿಲ್ಲ. ಕೃಪಾ ಎದ್ದು ಕೂತಳು, ದಾರ ಎಳೆದಳು, ನನ್ನ ಪ್ಯಾಂಟಿಗೆ 'ಕೊಡಿ' ಕಾರ್ಡು ಒತ್ತಿದಳು. ಕೊಟ್ಟೆ.

"ಇವತ್ತು ಭಾಳ ಚಲೋ ಮಾಡಿದ್ರಿ ಸರ್" ಎಂದರು ಮಹಾನಂದಾ.

ಹಿಗ್ಗಿ ಹೋದೆ. ನಾಳೆ ಇನ್ನೂ ಚೆನ್ನಾಗಿ ಮಾಡಬೇಕು ಎಂದುಕೊಂಡು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತ, "ಇಪ್ಪತ್ನಾಕು ವರ್ಷದಲ್ಲಿ ನನ್ನ ಕೈಲಾಗದೇ ಇದ್ದಿದ್ದು ಅವರು ಮೂರೇ ದಿನಕ್ಕೆ ಮಾಡಿದಾರೆ. ಫೀಸ್ ಎಷ್ಟಂತೆ?" ಎಂದಳು.

ಹದಿನೈದನೇ ದಿನದ ಹೊತ್ತಿಗೆ ಕೃಪಾ ಕಾರ್ಡಿನಿಂದಲೇ ಕೇಳುತ್ತಿದ್ದಳು. ಆದರೆ 'ಸಾಕು' ಕಾರ್ಡನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಬೇಡವಾದದ್ದಕ್ಕೆ ಅವಳ ಬಳಿ ಇನ್ನೂ ಕಿರುಚಾಟವೇ ಇತ್ತು. ಮಹಾನಂದಾ ಅವರಿಗೆ ಅದೇ ಚಿಂತೆ. "ಶಾಲ್ಯಾಗ ಬೇಕಾದ್ದು ಕಡಿಮಿ, ಬ್ಯಾಡಾದ್ದ ಜಾಸ್ತಿ ಸರ್" ಎಂದರು.

ಶಾಲೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಯಾರೂ ಕರೆದಿರಲಿಲ್ಲ. ಇಂಗ್ಲಿಷ್ ಬಲ್ಲ ಗಂಡಸೊಬ್ಬ ಇದ್ದರೆ ಹೆಡ್‌ಮಿಸ್ಸಿಗೆ ಕೊಂಚ ಅಂಜಿಕೆ ಇರುತ್ತದೆ ಎಂಬುದು ನನ್ನ ಲೆಕ್ಕಾಚಾರ. ಹೆಡ್‌ಮಿಸ್ ಕೋಣೆಯ ಬಾಗಿಲಲ್ಲಿ ಮಹಾನಂದಾ, ಹನುಮವ್ವ, ಕೃಪಾ ಮೂವರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬೆಂಚಿನ ಮೇಲೆ ಕೂತರು. ಲೇಸಿನ ಶೂ ಬಿಚ್ಚಲು ಸೋಮಾರಿತನವಾಗಿ ನಾನು ಹೊಸ್ತಿಲಲ್ಲೇ ನಿಂತು ಭಾಷಣ ಆರಂಭಿಸಿದೆ.

ಮಕ್ಕಳ ಹಕ್ಕಿನಿಂದ ಶುರು ಮಾಡಿ, ನಮ್ಮ ಕಾನ್ವೆಂಟಿನ ಸಿಸ್ಟರನ್ನು ದಾಟಿ, ಶಾಲೆ ಮತ್ತು ಶಾಲು ಎಂಬ ಶ್ಲೇಷೆಗೆ ಬಂದೆ. ಶಿವಲಿಂಗಮ್ಮನವರು ಹಾಜರಿ ಪುಸ್ತಕ ನೋಡುತ್ತಿದ್ದರು. ಹೊರಗೆ ಬೆಲ್ ಹೊಡೆಯಿತು, ಇನ್ನೂರು ಮಕ್ಕಳು ಒಟ್ಟಿಗೆ ಕೂಗಿದರು, ತಲೆಯ ಮೇಲಿನ ಫ್ಯಾನ್ ಕಟಕಟ ಎನ್ನುತ್ತಿತ್ತು. ಕೃಪಾ ಬೆಂಚಿನಿಂದ ಜಾರಿ ಇಳಿದು ನನ್ನತ್ತ ಬಂದಳು. ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು. ಕಿರುಚುವ ಮುಂಚಿನ ಆ ಸಣ್ಣ ಮೂಗುದನಿ ಶುರುವಾಯಿತು. ಹನುಮವ್ವ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಮಹಾನಂದಾ ಏಳಲಿಲ್ಲ, ಕಿಟಕಿ ನೋಡುತ್ತ ಕೂತರು. ನಾನು ಗಾಬರಿಯಲ್ಲಿ ಮಾತನ್ನು ಇನ್ನೂ ಜೋರು ಮಾಡಿದೆ.

ಕೃಪಾ ನೆಲಕ್ಕೆ ಒಂದು ಕೈ ಊರಿದಳು. ಇನ್ನೊಂದು ಕೈ ದಾರದ ಮೇಲೆ ಹೋಯಿತು, ಒಂದು ಕಾರ್ಡು ಬಿಟ್ಟಿತು, ಇನ್ನೊಂದನ್ನು ಹಿಡಿಯಿತು. ಎದ್ದು ನಿಂತು ಅದನ್ನು ನನ್ನ ಅಂಗೈಗೆ ಇಟ್ಟಳು. 'ಸಾಕು'.

ನಾನು ವಾಕ್ಯದ ಮಧ್ಯೆ ನಿಂತೆ. ಕಲಿಸಿದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ಕಾರಿಡಾರಿಗೆ ಬಂದೆ. ಕೋಣೆಯಲ್ಲಿ ಕಟಕಟ ಒಂದೇ ಉಳಿಯಿತು. ಕೃಪಾ ಬಾಗಿಲ ಬಳಿ ಸ್ವಲ್ಪ ಹೊತ್ತು ಬಗ್ಗಿದ್ದು, ವಾಪಸ್ ಹೋಗಿ ಬೆಂಚಿನ ಮೇಲೆ ಕೂತಳು.

"ಏನು ಕೊಟ್ಟಿದ್ದು ಅವಳು?" ಎಂದರು ಶಿವಲಿಂಗಮ್ಮ.

"ಸಾಕು ಅಂತ ಹೇಳಿದ್ಲು ಮೇಡಂ" ಎಂದರು ಮಹಾನಂದಾ.

"ಹತ್ತು ನಿಮಿಷದಿಂದ ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ. ನನಗೆ ಧೈರ್ಯ ಬರ್ಲಿಲ್ಲ." ಅವರು ಹಾಜರಿ ಪುಸ್ತಕ ತಿರುಗಿಸಿ ಹನುಮವ್ವನನ್ನು ಕರೆದರು. "ಹೆಸರು ಬರೀತೀನಮ್ಮಾ. ಈ ತಿಂಗಳು ಮಧ್ಯಾಹ್ನದ ಊಟದ ತನಕ ಇರ್ಲಿ, ಆಮೇಲೆ ಪೂರ್ತಿ ದಿನ ನೋಡೋಣ. ಆ ಕಾರ್ಡು ನನಗೂ ಒಂದು ಸೆಟ್ ಮಾಡ್ಕೊಡಿ, ಮಹಾನಂದಾ ಮೇಡಂ."

ಹನುಮವ್ವ ಕಾರಿಡಾರಿಗೆ ಬಂದಳು. ಮೊಬೈಲು ತೆಗೆದು ಸೂಪರ್‌ವೈಸರಿಗೆ, ಈ ತಿಂಗಳು ಮಧ್ಯಾಹ್ನದ ತನಕದ ಪಾಳಿ ಕೊಡ್ರಿ, ಕೆಲಸ ಬಿಡಂಗಿಲ್ಲ ಎಂದು ಎರಡು ಸಲ ಹೇಳಿದಳು.

ಗೇಟಿನ ಹತ್ತಿರ ನಾನು ಮಹಾನಂದಾ ಅವರ ಜೊತೆ ಹೆಜ್ಜೆ ಹಾಕಿದೆ. ಮನಸ್ಸು ಹಗುರವಾಗಿತ್ತು, ಸ್ವಲ್ಪ ಉಬ್ಬಿಯೂ ಇತ್ತು. ಹದಿನೆಂಟು ದಿನ ಮುಟ್ಟದ ಕಾರ್ಡನ್ನು ಹುಡುಗಿ ಕೊನೆಗೂ ಹಿಡಿದದ್ದು ನನ್ನಿಂದ. ಹಾಸ್ಯಗಾರನೊಬ್ಬನ ಮಾತಿಗೆ ಇಷ್ಟಾದರೂ ಶಕ್ತಿ ಇದೆ ಎಂದರೆ ಸಣ್ಣ ವಿಷಯವಲ್ಲ.

"ಒಂದು ನಿಜ ಹೇಳಿ" ಎಂದೆ. "ಅವಳಿಗೆ ಸಾಕು ಅನ್ನಿಸಿದ್ದು ಬೆಲ್ಲಿಗಲ್ಲ, ಫ್ಯಾನಿಗಲ್ಲ, ನನ್ನ ಮಾತಿಗೆ ತಾನೇ?"

"ನಿಮ್ಮ ಮಾತು ಆಕಿ ಕೇಳೇ ಇಲ್ರಿ" ಎಂದರು ಮಹಾನಂದಾ. "ಆಕಿ ಚಪ್ಪಲಿ ಮ್ಯಾಲ ನಿಂತಿದ್ರಿ ನೀವು, ಬಂದಾಗಿಂದ."