ಬೀಜಕ್ಕೆ ಮಣ್ಣಿನಂಗಿ ತೊಡಿಸುವ ಮಹಾದೇವಮ್ಮ

ನಾಗಪುರದ ಹತ್ತಿರದ ಕನ್ಹಾನ್ ಹೊಳೆಯ ಮೇಲೆ ಬೆಳಕು ಹರಿಯುವ ಹೊತ್ತಿಗೆ ಮಹಾದೇವಮ್ಮ ಮೊರದ ಮುಂದೆ ಕೂತಾಗಿದೆ. ಮೊರದಲ್ಲಿರುವುದು ಅಕ್ಕಿಯಲ್ಲ, ಹುಲ್ಲಿನ ಬೀಜ. ಉಸಿರು ಬಿಟ್ಟರೂ ಹಾರುವಷ್ಟು ಹಗುರ. ಹಾಗೇ ಚೆಲ್ಲಿದರೆ ಅರ್ಧ ಗಾಳಿಪಾಲು, ಉಳಿದದ್ದು ಹಕ್ಕಿಪಾಲು. ಅದಕ್ಕೇ ಜರಡಿ ಹಿಡಿದ ಎರೆಮಣ್ಣು, ಸಗಣಿ, ಒಂದಿಷ್ಟು ಬೂದಿ ಸೇರಿಸಿ, ನೀರು ಚಿಮುಕಿಸಿ ಮೊರವನ್ನು ಗರಗರ ತಿರುಗಿಸುತ್ತಾರೆ. ಬೀಜದ ಮೈಗೆ ಮಣ್ಣು ಮೆತ್ತಿ ಗುಳಿಗೆಯಾಗುತ್ತದೆ. ನೆರಳಲ್ಲಿ ಒಣಗಿಸಿ ಬಿತ್ತಿದರೆ ಬಿದ್ದಲ್ಲೇ ಕೂತು ಮೊದಲ ಮಳೆಗೆ ಮೊಳೆಯುತ್ತದೆ.

ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿದ ಗದ್ದಲ ಪೇಪರಿನ ತುಂಬ ಬಂತು. ಈ ಮೊರದ ಸದ್ದು ಯಾರ ಕಿವಿಗೆ ಬಿದ್ದಿದೆ, ಹೇಳಿ! ಮಹಾದೇವಮ್ಮ ಗದಗ ಕಡೆಯವರು. ರೈಲ್ವೆಯಲ್ಲಿರುವ ಗಂಡ ಗುರುಸಿದ್ದಪ್ಪನವರಿಗೆ ವರ್ಗವಾದಾಗ ಇಲ್ಲಿಗೆ ಬಂದರು. ಊರ ಗೋಮಾಳಕ್ಕೆ ಬೀಜ ಸಿದ್ಧಮಾಡುವ ಕೆಲಸ ಹಿಡಿದರು. ಮಣ್ಣು ಕಲಸಿ ಕಲಸಿ ಬೆರಳೆಲ್ಲ ಒಡೆದಿವೆ. ಅದರ ಮಾತೆತ್ತಿದರೆ ನಕ್ಕುಬಿಡುತ್ತಾರೆ. ಹೋದ ವರ್ಷದ ಮಾತೆತ್ತಿದರೆ ಮಾತ್ರ ಮೊರ ನಿಲ್ಲುತ್ತದೆ.

"ಮಣ್ಣು ಉದುರಾಕತ್ತಿತ್ರೀ. ಪಂಚಮಿಗೆ ಉಂಡಿ ಕಟ್ಟೂ ಕೈ ನಂದು. ಬೆಲ್ಲದ ನೀರು ಹಾಕಿದ್ರ ಬರೋಬರ್ ಹಿಡಿತೈತಿ ಅಂದ್ಕೊಂಡೆ."

ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಆದರೆ ಬಿತ್ತಿದ ಮೇಲೆ ಮಳೆ ತಡಮಾಡಿತು, ಇರುವೆಗಳು ತಡಮಾಡಲಿಲ್ಲ. ಬೆಲ್ಲದ ಆಸೆಗೆ ಸಾಲುಗಟ್ಟಿ ಬಂದು ಬೀಜವನ್ನೆಲ್ಲ ಹೊತ್ತೊಯ್ದವು. ಮಳೆ ಬಂದರೂ ಗೋಮಾಳ ಬೋಳಾಗಿಯೇ ಉಳಿಯಿತು.

ಆ ಗೋಮಾಳವನ್ನೇ ನೆಚ್ಚಿದ್ದವಳು ಪಕ್ಕದ ಮನೆಯ ಕಲಾವತಿ. ಅವಳಿಗಿದ್ದದ್ದು ಒಂದೇ ಎಮ್ಮೆ. ಮೇವಿಲ್ಲದೆ ಅದನ್ನು ಮಾರಬೇಕಾಯಿತು. ಕೊಂಡವರು, ನಾಗಪುರದ ಧರಮಪೇಠದವರು, ಎಮ್ಮೆ ಹೊಡೆದುಕೊಂಡು ಹೋದ ದಿನ ಮಹಾದೇವಮ್ಮ ಬಾಗಿಲು ಹಾಕಿಕೊಂಡು ಅತ್ತರಂತೆ.

"ಒಂದ್ ಮಾತು ಬೈಲಿಲ್ರೀ ಅಕಿ. ಜಾಊ ದೇ ತಾಈ, ಹೋಗ್ಲಿ ಬಿಡು ಅಂದ್ಲು. ಬೈದಿದ್ರ ಜೀವಕ್ಕ ಹಗುರ ಆಗ್ತಿತ್ತು."

ಪಾಪ, ಕೈತಪ್ಪಿನಿಂದ ಆದದ್ದು. ಹಾಗೆಂದರೆ ಅವರು ಒಪ್ಪುವುದಿಲ್ಲ. ಈ ಸಲ ಬೆಲ್ಲವಿಲ್ಲ, ಬೂದಿ ಜಾಸ್ತಿ. ಮಿರಗ, ಅಂದರೆ ಮೃಗಶಿರಾ ಮಳೆ ಹಿಡಿಯುವ ಮುಂಚೆ ಬಿತ್ತನೆ ಮುಗಿಯಬೇಕು. ಹುಲ್ಲು ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಮೊದಲ ಹುಲ್ಲಿನ ಹೊರಿ ನಾನೇ ಕೊಯ್ದು ಕಲಾವತಿ ಅಂಗಳದಾಗ ಇಡ್ತೀನ್ರಿ."

"ಎಮ್ಮಿನೇ ಇಲ್ಲಲ್ರೀ?" ಎನ್ನುತ್ತೇನೆ.

"ಅದು ನನಗ ಗೊತ್ತಿಲ್ಲೇನ್ರಿ?" ಮಣ್ಣುಗೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. "ಆ ಹುಲ್ಲು ನೋಡಿ ಆದ್ರೂ ಒಂದ್ ಸಲ ಬಾಯಿ ತುಂಬ ಬೈಲಿ ಅಕಿ."