ಸರ್ವೋತ್ತಮನಿಗೊಂದು ಶಾಲು

ಮಂಗಳೂರಿನ ಸೆಖೆಯಲ್ಲಿ ಉಣ್ಣೆ ಬಟ್ಟೆ ಕೂಡಿಡುವವರಿಗೆ ತಲೆ ಸರಿ ಇಲ್ಲ ಎಂದು ಉರ್ವ ಮಾರ್ಕೆಟಿನಲ್ಲಿ ಯಾರಾದರೂ ಹೇಳಿದರೆ ಅದು ದೇಯಿಯ ಬಗ್ಗೆಯೇ. ನಲವತ್ತು ವರ್ಷ ಊರಿನವರ ರವಿಕೆ ಹೊಲಿದ ಹೆಂಗಸು. ಅವಳ ಕಪಾಟಿನಲ್ಲಿ ಹಳೆಯ ಉಣ್ಣೆ ಸಮವಸ್ತ್ರಗಳು ಏಳಿದ್ದವು: ರೈಲ್ವೆ ಗಾರ್ಡಿನದು, ಹಡಗಿನ ಬ್ಯಾಂಡಿನವನದು, ಹೀಗೆ. ಎಲ್ಲಕ್ಕೂ ಮೊದಲಿನದು ಅಪ್ಪ ನೋಣಯ್ಯ ಮಹಾಯುದ್ಧದಲ್ಲಿ ಇಟಲಿಯ ಚಳಿಗೆ ತೊಟ್ಟ ಮಿಲಿಟರಿ ಕೋಟು. ಅಪ್ಪನದೆಂದು ಅವಳಲ್ಲಿ ಉಳಿದದ್ದು ಅದೊಂದೇ, ಒಂದು ಫೋಟೋ ಕೂಡ ಇರಲಿಲ್ಲ.

ಆ ಕೋಟನ್ನು ಕೊಡಿಯಾಲ್‌ಬೈಲಿನ ಸರ್ವೋತ್ತಮ ಪ್ರದರ್ಶನಕ್ಕೆಂದು ಕೇಳಿ ಒಯ್ದ. ಅವನೂ ಹಳೆ ಸಮವಸ್ತ್ರ ಕೂಡಿಡುವವನೇ, ಆದರೆ ಪೇಪರಿನಲ್ಲಿ ಫೋಟೋ ಬರುವ ದೊಡ್ಡ ಮನುಷ್ಯ. ಹದಿನೈದು ದಿನ ಎಂದವನು ಎಂಟು ತಿಂಗಳು ಯಾವುದೋ ಪೆಟ್ಟಿಗೆಯ ತಳಕ್ಕೆ ತುರುಕಿಟ್ಟ. ಹಿಂದಿರುಗಿಸಿದಾಗ ಬೆನ್ನಿನಲ್ಲಿ ಮೂರು ತೂತು, ಕಾಲರಿನಡಿ ಹರಿದಾಡುವ ಬಿಳಿ ಹುಳ.

"ಹಳೆ ಬಟ್ಟೆ ಅಲ್ವಾ ದೇಯಕ್ಕ, ನುಸಿ ಹಿಡಿಯದೆ ಎಂತ ಆಗ್ತದೆ?" ಎಂದು ನಕ್ಕ.

ದೇಯಿಗೆ ಮೈಯೆಲ್ಲ ಉರಿಯಿತು. ತೂತಿಗಿಂತ ಆ ನಗು ಹೆಚ್ಚು ಉರಿಸಿತು.

ಮೊದಲು ತನ್ನ ಕಪಾಟು ಉಳಿಸಿಕೊಂಡಳು. ಏಳನ್ನೂ ಬಿಸಿಲಿಗೆ ಹರವಿ, ಹೊಲಿಗೆ ಹೊಲಿಗೆಗೂ ಬ್ರಶ್ ಹಾಕಿ, ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಂದರಿಗೆ ಹೊತ್ತಳು. ಅಲ್ಲಿ ಮೊಯ್ದೀನಬ್ಬನ ಮೀನಿನ ಫ್ರೀಜರ್ ಇತ್ತು.

"ಅಂಜಲ್ ಮೀನು ಇಡುವಲ್ಲಿ ಕೋಟಾ? ಎಂತ ದೇಯಕ್ಕ ಇದು!"

"ಹುಳ ಚಳಿಗೆ ಸಾಯ್ಬೇಕು. ಎರಡು ವಾರ ಯಾರೂ ಮುಟ್ಬೇಡಿ."

ಎರಡು ವಾರದ ಮೇಲೆ ತಂದು, ತಂಪು ಇಳಿಯುವ ತನಕ ಕಟ್ಟು ಬಿಚ್ಚದೆ ಕಾದಳು. ಒಂದು ಹುಳವೂ ಬದುಕಿರಲಿಲ್ಲ. ಬದುಕಿದ್ದವು ಅಡುಗೆಮನೆಯ ಗಾಜಿನ ಬಾಟಲಿಯಲ್ಲಿ. ಬ್ರಶ್ ಹಾಕುವಾಗಲೇ ಹತ್ತು ಹನ್ನೆರಡನ್ನು ಅವಳೇ ಹೆಕ್ಕಿ ಇಟ್ಟಿದ್ದಳು.

ಸರ್ವೋತ್ತಮನಿಗೆ ಊರಿನಲ್ಲಿ ಸನ್ಮಾನ ನಿಗದಿಯಾಗಿತ್ತು. ಹೊದಿಸುವ ಉಣ್ಣೆ ಶಾಲು ತನ್ನದೆಂದು ದೇಯಿ ಸನ್ಮಾನ ಸಮಿತಿಗೆ ಹೇಳಿಯಾಗಿತ್ತು. ಶಾಲಿನ ಮಡಿಕೆಯಲ್ಲಿ ನುಸಿಯ ಮೊಟ್ಟೆ, ಆ ಶಾಲು ಅವನ ಕಪಾಟಿನಲ್ಲಿ, ಪಕ್ಕದಲ್ಲೇ ಅವನು ಊರಿಡೀ ಹೇಳಿಕೊಳ್ಳುವ ಕೆಂಪು ಕೋಟು. ಇದನ್ನು ನೆನೆದರೇ ಅವಳಿಗೆ ಊಟ ರುಚಿಸುತ್ತಿತ್ತು.

ಆದರೆ ಹುಳ ಸಾಕುವುದೂ ಒಂದು ಕೆಲಸ. ಹೊಸ ಉಣ್ಣೆ ಹಾಕಿದರೆ ಅವು ಮೂಸಿಯೂ ನೋಡಲಿಲ್ಲ. ಮನುಷ್ಯರ ಬೆವರು ಕುಡಿದ ಹಳೆ ಉಣ್ಣೆಯೇ ಬೇಕು. ದೇಯಿ ಅಪ್ಪನ ಕೋಟಿನ ಒಳಮಡಿಕೆಯಿಂದ ಬೆರಳಗಲ ಕತ್ತರಿಸಿದಳು. ಹೇಗೂ ತೂತು ಬಿದ್ದದ್ದು. ಅಪ್ಪನ ಬೆವರು ಅಪ್ಪನ ಸೇಡಿಗೇ ಆಗಲಿ ಎಂದುಕೊಂಡಳು. ಸಭಾಂಗಣ ಸಿಗದೆ ಸನ್ಮಾನ ಮುಂದೆ ಹೋಯಿತು. ಕೋಟಿನ ಕಿಸೆಯೂ ಬಾಟಲಿಗೆ ಹೋಯಿತು. ಅಧ್ಯಕ್ಷರ ಮನೆಯಲ್ಲಿ ಸೂತಕವೆಂದು ಮತ್ತೆ ಮುಂದೆ ಹೋಯಿತು. ಹುಳ ಚಿಟ್ಟೆಯಾಗಿ, ಚಿಟ್ಟೆ ಮೊಟ್ಟೆಯಿಟ್ಟು, ಸಂಸಾರ ಬೆಳೆಯಿತು. ಒಂದು ತೋಳು ಹೋಯಿತು, ಆಮೇಲೆ ಬೆನ್ನು.

ಕೊನೆಗೂ ಆ ದಿನ ಬಂತು. ದೇಯಿ ವೇದಿಕೆ ಹತ್ತಿ, ಸರ್ವೋತ್ತಮನ ಹೆಗಲಿಗೆ ಮಡಿಕೆಯಲ್ಲಿ ಮೊಟ್ಟೆ ಸೇರಿಸಿದ ಶಾಲು ಹೊದಿಸಿದಳು.

"ಜಾಗ್ರತೆ ಇಡಿ."

"ನನ್ನ ಕೆಂಪು ಕೋಟಿನ ಹತ್ತಿರವೇ ಇಡ್ತೇನೆ ದೇಯಕ್ಕ!"

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಸಿಟಿ ಬಸ್ಸಿನಲ್ಲಿ ಉರ್ವದ ತನಕ ಒಬ್ಬಳೇ ನಗುತ್ತಾ ಬಂದಳು.

ಮರುದಿನ ಕದ್ರಿಯಿಂದ ಬಂದ ಮಗಳು ಪ್ರಣೀತಾ ಸೀರೆಗೆಂದು ಕಪಾಟು ತೆರೆದವಳು ಅಲ್ಲೇ ನಿಂತಳು. ಹ್ಯಾಂಗರಿನಲ್ಲಿ ಒಂದು ಕಾಲರು, ಗುಂಡಿಪಟ್ಟಿ, ಅರ್ಧ ತೋಳು.

"ಅಮ್ಮ, ಅಜ್ಜನ ಕೋಟಿಗೆ ಎಂತಾಯ್ತು?"

"ಆ ಸರ್ವೋತ್ತಮ ಹುಳಕ್ಕೆ ತಿನ್ನಿಸಿದ್ದು."

ಪ್ರಣೀತಾ ಅಂಚಿನ ಮೇಲೆ ಬೆರಳೆಳೆದಳು. ಗೆರೆ ಹೊಡೆದಂತೆ ನೇರವಾಗಿತ್ತು.

"ಹುಳ ತಿಂದ್ರೆ ಹೀಗೆ ಇರುದಿಲ್ಲ ಅಮ್ಮ. ಇದು ನಿನ್ನ ಕತ್ತರಿ."

ದೇಯಿ ಕೋಟನ್ನು ಕಿತ್ತುಕೊಂಡು ಎದೆಗೆ ಅವಚಿದಳು. ಅವಚಿಕೊಳ್ಳುವಷ್ಟೂ ಅದು ಉಳಿದಿರಲಿಲ್ಲ.