ಮೇಷ್ಟ್ರ ಎಡಜೇಬು

ಪುಟ್ಟಸ್ವಾಮಿ ಮೇಷ್ಟ್ರ ಅಂಗಿಯ ಎಡಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರೊಳಗೆ ಕೆಟ್ಟ ಸ್ಪೀಕರಿನಿಂದ ಕಿತ್ತ, ಉದ್ದಿನ ವಡೆಯಂಥ ಅಯಸ್ಕಾಂತ. ಕನಕಪುರದಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದ ಅವರು ಕಂಡ ಸ್ಟೀಲ್ ಪಾತ್ರೆಗೆಲ್ಲ ಅದನ್ನು ತಾಗಿಸಿ ನೋಡುತ್ತಿದ್ದರು; ಅಂಟಿಕೊಂಡರೆ ಮಾಲು ಕಳಪೆಯಂತೆ. ಬೀಗರ ಮನೆಯಲ್ಲಿ ಊಟದ ತಟ್ಟೆಗೂ ತಾಗಿಸಿ ಹೆಂಡತಿಯಿಂದ ಬೈಸಿಕೊಂಡಿದ್ದರು.

ಪ್ರಯೋಗ ಒಮ್ಮೆ ಸರಿಬಂದರೆ ಅವರಿಗೆ ಸಮಾಧಾನವಿಲ್ಲ. "ಅಳ್ಸಾಕಿ ಇನ್ನೊಂದ್ಸಲ ಮಾಡಮ್ಮಿ. ಒಂದ್ಸಲ ನಾಯೀನೂವೆ ಎರಡು ಕಾಲಲ್ ನಿಂತ್ಕತದೆ."

ಮುಂದೆ ನಾನು ಹಾರೋಹಳ್ಳಿಯ ಲ್ಯಾಬೊಂದರಲ್ಲಿ ಪಿಎಚ್‌ಡಿಗೆ ಸೇರಿದೆ. ತೆಳ್ಳನೆಯ ಲೋಹದ ಪದರಕ್ಕೆ, ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಕೋಟಿ ಪಾಲು ಚುರುಕಾದ ಕಾಂತದ ಹೊಡೆತ ಕೊಟ್ಟು, ಅದರೊಳಗೆ ಅತಿ ಸಣ್ಣ ಕಾಂತದ ಸುಳಿಗಳನ್ನು ಎಬ್ಬಿಸುವುದು ನನ್ನ ಕೆಲಸ. ಹಾಳು ಸುಳಿಗಳು ತಿಂಗಳುಗಟ್ಟಲೆ ಸತಾಯಿಸಿ ಒಂದು ದಿನ ಎದ್ದವು. ಸೋಮವಾರ ಗೈಡ್ ನೋಡಿ ಒಪ್ಪಿದರೆ ಥೀಸಿಸ್, ಇಲ್ಲದಿದ್ದರೆ ಮನೆ. ಅವನ್ನು ಅಳಿಸಿ ಇನ್ನೊಮ್ಮೆ ಎಬ್ಬಿಸಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಭಾನುವಾರ ಮೇಷ್ಟ್ರು ಕಬ್ಬಾಳಮ್ಮನ ಪ್ರಸಾದ ಹಿಡಿದು ಲ್ಯಾಬಿಗೆ ಬಂದರು. ಪರದೆಯ ಮೇಲಿನ ಚುಕ್ಕೆಗಳನ್ನು ನೋಡಿ, "ಇವೇಯೇನಮ್ಮಿ ಸುಳಿ? ನನ್ ತಲೇಲೂ ಎರಡವೆ. ಆದ್ರೂ ಒಂದೇ ಮದ್ವೆ," ಎನ್ನುತ್ತ ಯಂತ್ರದ ಮೇಲೆ ಬಗ್ಗಿದರು. ಜೋತುಬಿದ್ದ ಜೇಬು ಲೋಹದ ಪದರದ ಪಕ್ಕಕ್ಕೇ ಬಂತು. ಪರದೆ ಬೋಳಾಯಿತು.

"ಹಾಳ್ ಮಾಡ್ಬುಟ್ರಲ್ಲ ಸಾ!" ಎಂದು ಕಿರುಚಿದೆ. ಅಳು ನುಗ್ಗಿ ಬಂತು.

ಮೇಷ್ಟ್ರು ಜೇಬು ಮುಟ್ಟಿಕೊಂಡು ಪೆಚ್ಚಾದರು. ಅಯಸ್ಕಾಂತವನ್ನು ಬಾಗಿಲಾಚೆ ಇಟ್ಟು ಬಂದು ಮೆಲ್ಲಗೆ ಅಂದರು: "ತಪ್ಪಾಯ್ತು ಕಣವ್ವ. ಆದ್ರೆ ಇನ್ನೊಂದ್ಸಲ ಬರ್ಸಕ್ಕಾಗ್ದಿದ್ರೆ ನಿನ್ ಗೈಡ್‌ಗೆ ನಾಳೆ ಏನಂತ ಹೇಳೀಯೆ? ಹೊಡಿ."

ಮತ್ತೆ ಕಾಂತದ ಹೊಡೆತ ಕೊಟ್ಟೆ. ಸುಳಿಗಳು ಎದ್ದವು. ಆ ಸಂಭ್ರಮದಲ್ಲಿ ನನಗೆಂದು ತಂದ ಪ್ರಸಾದವನ್ನು ಮೇಷ್ಟ್ರೇ ಅರ್ಧ ತಿಂದು ಮುಗಿಸಿದರು.

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ದಿನ ಅವರ ಹೆಂಡತಿ ಅಯಸ್ಕಾಂತವನ್ನು ನನ್ನ ಕೈಗಿಟ್ಟು, "ತಕ್ಕೊಂಡೋಗವ್ವ, ಮನೇಲಿದ್ದ ವಾಚೆಲ್ಲ ಇದ್ರಿಂದ್ಲೇ ಕೆಟ್ಟೋದೊ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಈಗ ನಮ್ಮ ಲ್ಯಾಬಿಗೆ ಅಯಸ್ಕಾಂತ ತರಬಾರದೆಂಬ ಬೋರ್ಡಿದೆ, ಹಾಕಿಸಿದವಳು ನಾನೇ. ಬಾಗಿಲಾಚೆಯ ಕಬ್ಬಿಣದ ಗೇಟಿಗೆ ಮೇಷ್ಟ್ರ ಅಯಸ್ಕಾಂತ ಅಂಟಿಸಿ ಒಳಗೆ ಹೋಗುತ್ತೇನೆ. ಸುಳಿ ಎದ್ದರೆ ಅಳಿಸಿ ಮತ್ತೆ ಹೊಡೆಯುತ್ತೇನೆ. ಸಂಜೆ ಕೀಳಲು ಹೋದರೆ ಅದು ಸುಲಭಕ್ಕೆ ಬಿಡುವುದಿಲ್ಲ.

"ಎದ್ದೊ ಸಾ, ಎರಡ್ನೇ ಸಲಾನೂ ಎದ್ದೊ," ಎನ್ನುತ್ತೇನೆ. ಆಗ ಬಿಡುತ್ತದೆ.